ತೆಂಗಿನಕಾಯಿ ಒಡೆಸಿಕೊಂಡ ಬ್ಯಾಟರಿ ಮತ್ತು ಫ್ರೈಬುರ್ಗಿನ ನೆಲಮಾಳಿಗೆ

ಮುಂಬೈ ವಿಮಾನ ನಿಲ್ದಾಣ

ಜರ್ಮನಿಗೆ ಹೋಗಿ ಬಂದವರು ಕೋಟೆ, ಚರ್ಚು, ಕಾಡು, ಕೇಕುಗಳ ಬಗ್ಗೆ ಬರೆಯುತ್ತಾರೆ. ನಾನೂ ಅವನ್ನೆಲ್ಲ ನೋಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಪ್ರವಾಸದ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಒಂದು ನೆಲಮಾಳಿಗೆ. ಅಲ್ಲಿ ಒಣಹಾಕಿದ ಬಟ್ಟೆಗಳ ಕೆಳಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದ ಒಂದು ಬಿಳಿ ಪೆಟ್ಟಿಗೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಪೆಟ್ಟಿಗೆಯ ಮೇಲಲ್ಲ.

ಸಿಟ್ಟಿಗಿಂತ ಮೊದಲು ಇದ್ದದ್ದು ಹೆದರಿಕೆ. ಮುಂಬೈಯಲ್ಲಿ ಸಾಮಾನು ಕೊಡುವಾಗ ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು: "ಬ್ಯಾಗ್ ಮೇ ಬ್ಯಾಟರಿ ಹೈ ಕ್ಯಾ?"

ದಿನವಿಡೀ ಎಲ್ಲರನ್ನೂ ಕೇಳುವ ಪ್ರಶ್ನೆ. ನನಗೆ ಮಾತ್ರ ಇಲ್ಲ ಅನ್ನಲು ಬಾಯಿ ತೆರೆದರೆ ಅಳು ಬಂತು. ಹುಡುಗಿ ಗಾಬರಿಯಾಗಿ ನೀರು ಕೊಟ್ಟಳು. "ಮ್ಯಾಡಮ್, ಪವರ್ ಬ್ಯಾಂಕ್ ಇದ್ದರೆ ಕೈಚೀಲಕ್ಕೆ ಹಾಕಿಕೊಂಡರೆ ಸಾಕು" ಎಂದು ಹಿಂದಿಯಲ್ಲೇ ಸಮಾಧಾನ ಮಾಡಿದಳು. ಹಿಂದೆ ನಿಂತಿದ್ದವರೊಬ್ಬರು "ಮೊದಲ ಸಲ ಹೊರಟಿರಬೇಕು" ಎಂದು ಹೆಂಡತಿಗೆ ಹೇಳುವುದು ಕೇಳಿಸಿತು. ಪವರ್ ಬ್ಯಾಂಕನ್ನು ನಾನು ಪುಣೆಯಲ್ಲೇ ಯಜಮಾನರ ಕೈಗೆ ಕೊಟ್ಟು ಬಂದಿದ್ದೆ. ಕೊಡುವಾಗಲೂ ಎರಡು ಬೆರಳಲ್ಲಿ ಹಿಡಿದಿದ್ದೆ, ಸತ್ತ ಇಲಿಯನ್ನು ಹಿಡಿದಂತೆ.

ಫ್ರಾಂಕ್‌ಫರ್ಟ್ ರೈಲು ನಿಲ್ದಾಣ

ನನ್ನ ತಂಗಿ ಸುಮಾ ಫ್ರೈಬುರ್ಗ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸು. "ಸ್ವಲ್ಪ ದಿನ ಬಾ ಅಕ್ಕಾ, ತಲಿ ಹಗುರ ಆಗ್ತದ" ಎಂದು ಟಿಕೆಟು ಕಳಿಸಿದವಳು ಅವಳೇ. ಕರೆದುಕೊಂಡು ಹೋಗಲು ಫ್ರಾಂಕ್‌ಫರ್ಟಿಗೇ ಬಂದಿದ್ದಳು. ನಮ್ಮ ರೈಲು ತಡವಾಗಿತ್ತು. ಜರ್ಮನಿಯಲ್ಲೂ ರೈಲು ತಡವೇ ಎಂದು ನಾನು ಕಣ್ಣರಳಿಸಿದರೆ, "ಟ್ರೇನ್ ಟೈಮಿಗೆ ಬಂದ್ರನ ಇಲ್ಲಿ ಸುದ್ದಿ" ಎಂದು ನಕ್ಕಳು. ಜನ ಗೊಣಗದೆ, ಫಲಕದ ಕಡೆ ಒಮ್ಮೆ ನೋಡಿ, ಚೀಲದಿಂದ ಬ್ರೆಡ್ಡು ತೆಗೆದು ತಿನ್ನುತ್ತಿದ್ದರು. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ಪಕ್ಕದವರ ಸೊಸೆಯ ಊರು, ಹೆರಿಗೆ ಎಲ್ಲ ಗೊತ್ತಾಗಿರುತ್ತಿತ್ತು.

ಅಲ್ಲೊಂದು ಗಾಡಿಯಲ್ಲಿ ಬಾದಾಮಿಯನ್ನು ಸಕ್ಕರೆ ಪಾಕದಲ್ಲಿ ಹುರಿಯುತ್ತಿದ್ದರು. ಗಾಳಿ ಈ ಕಡೆ ಬೀಸಿತು. ಸಿಹಿಯಾಗಿ ಸುಟ್ಟ ವಾಸನೆ. ನಾನು ಸೂಟ್‌ಕೇಸು ಬಿಟ್ಟು ಮೆಟ್ಟಿಲ ಕಡೆ ಓಡಿದೆ.

ಸುಮಾ ಹಿಂದೆ ಓಡಿ ಬಂದು ತೋಳು ಹಿಡಿದಳು. "ಅಕ್ಕಾ, ಬಾದಾಮಿ ಅದ. ಬರೇ ಬಾದಾಮಿ."

ಲಿಥಿಯಂ ಬ್ಯಾಟರಿ ಸುಡುವ ಮೊದಲು ಬರುವ ಹೊಗೆಗೆ ಒಂದು ಸಿಹಿ ವಾಸನೆ ಇರುತ್ತದೆ. ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ನಾವಿರುವುದು ಪುಣೆಯ ಬಿಬವೇವಾಡಿಯಲ್ಲಿ, ಒಂದು ಹಳೆಯ ಹೌಸಿಂಗ್ ಸೊಸೈಟಿಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಯಜಮಾನರದು ಮಾರ್ಕೆಟ್ ಯಾರ್ಡಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರ, ನಾನು ಬಿ.ಕಾಂ. ಓದಿದವಳಾದ್ದರಿಂದ ಲೆಕ್ಕ, ಜಿಎಸ್‌ಟಿ ನನ್ನ ಪಾಲು. ಎದುರು ಮನೆಯವರು ಭೀಮಣ್ಣ ಕಾಕಾ, ನೀಲವ್ವ ಕಾಕು. ಕಾಕಾ ವಿಜಯಪುರದ ಕಡೆಯವರು, ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಹರೆಯದಲ್ಲಿ ಸೇದಿದ ಬೀಡಿಗಳು ಈಗ ಎದೆ ತಿಂದಿವೆ. ಮೂಗಿಗೆ ನಳಿಕೆ, ಪಕ್ಕದಲ್ಲಿ ಗುಂಯ್ ಎನ್ನುವ ಆಕ್ಸಿಜನ್ ಮಶೀನು. ಕರೆಂಟು ಹೋದರೆ ಮಶೀನು ನಿಲ್ಲುತ್ತದೆ. ಮನೆಯ ಇನ್ವರ್ಟರ್ ಅದನ್ನು ಹೆಚ್ಚು ಹೊತ್ತು ಎಳೆಯುವುದಿಲ್ಲ. ಕಾಕು ಶೇಂಗಾ ಚಟ್ನಿ ಕುಟ್ಟಿ ಇಡೀ ಗಲ್ಲಿಗೆ ಮಾರುವವರು. ಮಶೀನು ನಿಂತರೆ ಒನಕೆಯನ್ನೂ ನಿಲ್ಲಿಸಿ ಕಾಕಾನ ತುಟಿಯ ಬಣ್ಣ ನೋಡುತ್ತ ಕೂಡುವವರು.

ಸೊಸೈಟಿಯ ತಾರಸಿಯ ಮೇಲೆ ಸೌರ ಫಲಕಗಳಿವೆ. ಸರ್ಕಾರದ ಸಹಾಯಧನ ಸಿಕ್ಕಿತ್ತು. ಹಾಕಿಸಿದ ಮೇಲೆ ಗೊತ್ತಾದ ಸಂಗತಿ ಏನೆಂದರೆ, ಕರೆಂಟು ಹೋದಾಗ ಫಲಕಗಳೂ ನಿಂತುಬಿಡುತ್ತವೆ. ಲೈನಿನ ಮೇಲೆ ದುರಸ್ತಿ ಮಾಡುವವನಿಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರಂತೆ. ಸರಿಯೇ. ಆದರೆ ತಲೆ ಸುಡುವ ಮಧ್ಯಾಹ್ನ, ಮೇಲೆ ಬೇಕಾದಷ್ಟು ಬಿಸಿಲು, ಕೆಳಗೆ ಒಬ್ಬ ಮನುಷ್ಯ ಗಾಳಿಗೆ ಬಾಯಿ ತೆರೆಯುತ್ತಿದ್ದಾನೆ. ಆ ಬಿಸಿಲನ್ನು ಹಿಡಿದಿಡಲು ಬ್ಯಾಟರಿ ಬೇಕು.

ಕಂಪನಿಯಿಂದ ದರ ತರಿಸಿದೆವು. ಬ್ಯಾಟರಿಗೆ ಸಹಾಯಧನ ಇಲ್ಲ. ಫಲಕಕ್ಕಿಲ್ಲದಷ್ಟು ತೆರಿಗೆ ಬೇರೆ. ಲೆಕ್ಕ ಬರೆಯುವವಳು ನಾನೇ. ಆ ಕಾಗದದ ಕೊನೆಯ ಸಾಲು ಓದಿದಾಗ ಸಭೆಯಲ್ಲಿ ಒಬ್ಬೊಬ್ಬರೇ ಎದ್ದು ಹೋದರು. ಆಗ ಒಬ್ಬ ಫಿಟ್ಟರ್ ಸಿಕ್ಕ. ಹಳೆಯ ಸ್ಕೂಟರುಗಳ ಬ್ಯಾಟರಿ ಬಿಚ್ಚಿ ಜೋಡಿಸಿ, ತಗಡಿನ ಪೆಟ್ಟಿಗೆಯಲ್ಲಿ ಕೂಡಿಸಿ, ಮೆಟ್ಟಿಲ ಕೆಳಗೆ ಇಟ್ಟುಕೊಟ್ಟ. ಗಾಳಿ ಆಡಲೆಂದು ಮೇಲೆ ತೂತು ಕೊರೆದಿದ್ದ. ಬಿಲ್ಲಿಲ್ಲ, ಆದ್ದರಿಂದ ತೆರಿಗೆಯೂ ಇಲ್ಲ. ಅವತ್ತು ಕಾಕು ಗಲ್ಲಿಗೆಲ್ಲ ಪೇಢೆ ಹಂಚಿದರು.

ಖಂಡೇನವಮಿಯ, ಅಂದರೆ ಆಯುಧಪೂಜೆಯ, ದಿನ ನಾವು ಪೂಜೆ ಮಾಡದ ಯಂತ್ರ ಯಾವುದಿದೆ? ಲಿಫ್ಟು, ನೀರಿನ ಪಂಪು, ಎಲ್ಲರ ಸ್ಕೂಟರು, ನನ್ನ ಮಿಕ್ಸರು. ಹೊಸ ಬ್ಯಾಟರಿಗೆ ಎಲ್ಲಕ್ಕಿಂತ ದೊಡ್ಡ ಮಾಲೆ. ಹೂವನ್ನು ನಾನೇ ಹೊದಿಸಿದೆ. ಸೊಸೈಟಿಯ ಅಧ್ಯಕ್ಷ ಜೋಶಿ ಸಾಹೇಬರು ಪೆಟ್ಟಿಗೆಯ ಅಂಚಿಗೇ ತೆಂಗಿನಕಾಯಿ ಹೊಡೆದು, ನೀರನ್ನು ಭಕ್ತಿಯಿಂದ ಪೆಟ್ಟಿಗೆಯ ಮೇಲೆ ಎರೆದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನೀರು ತೂತಿನಿಂದ ಒಳಗಿಳಿದದ್ದನ್ನು ಯಾರೂ ನೋಡಲಿಲ್ಲ. ನೋಡಿದ್ದರೂ ಪ್ರಸಾದವೆಂದೇ ತಿಳಿಯುತ್ತಿದ್ದೆವು.

ಮರುದಿನ ಊಟವಾದ ಮೇಲೆ ನಾನು ಬನ್ನಿ ಕೊಡಲು ಕಾಕುವಿನ ಮನೆಗೆ ಹೋಗಿದ್ದೆ. ಕೆಳಗಿನಿಂದ ಸೀಟಿಯಂಥ ಸದ್ದು ಬಂತು. "ಈ ಹೊತ್ತಿನ್ಯಾಗ ಯಾರ ಕುಕ್ಕರ್ ಇಟ್ಟಾರವಾ?" ಎಂದರು ಕಾಕು. ಬಾಗಿಲು ತೆರೆದರೆ ಮೆಟ್ಟಿಲ ತುಂಬ ಬಿಳಿ ಹೊಗೆ, ಸಿಹಿ ವಾಸನೆ. ನೋಡುತ್ತಿದ್ದಂತೆ ಅದು ಕಪ್ಪಾಯಿತು. ಕರೆಂಟು ಹೋಯಿತು. ಮಶೀನು ಉದ್ದಕ್ಕೆ ಕೂಗಿ ಸುಮ್ಮನಾಯಿತು. ಕೆಳಗಿಳಿಯುವಂತಿಲ್ಲ. ತಾರಸಿಗೆ ಬೀಗ, ಫಲಕಗಳಿವೆಯೆಂದು ಕೀಲಿ ಜೋಶಿ ಸಾಹೇಬರ ಹತ್ತಿರ, ಅವರು ನೆಂಟರ ಮನೆಯಲ್ಲಿ. ನಾವು ಸೀರೆಗಳನ್ನು ನೀರಲ್ಲಿ ಅದ್ದಿ ಬಾಗಿಲ ಸಂದಿಗೆ ತುರುಕಿದೆವು. ಕಾಕಾನನ್ನು ಕಿಟಕಿಗೆ ಎಳೆದು ತಂದೆವು.

ಮೂಲೆಯಲ್ಲಿ ತೀರ ತುರ್ತಿಗೆಂದು ಇಟ್ಟ ಒಂದು ಸಣ್ಣ ಆಕ್ಸಿಜನ್ ಸಿಲಿಂಡರ್ ಇತ್ತು. ಕಾಕು ಅದರ ಮೇಲೆ ಬಿದ್ದು ಹಿಡಿದುಕೊಂಡರು. "ತೆಗೀಬ್ಯಾಡ ವಿಜಯಾ! ಕೆಳಗ ಬೆಂಕಿ ಅದ. ಇದು ಹಾರಿದ್ರ ಇಡೀ ಬಿಲ್ಡಿಂಗ್ ಹೋಗ್ತದ!" ಕಾಕಾ ಮಾತಾಡಲಾರದೆ ಬೆರಳಿಂದ ತೋರಿಸುತ್ತಿದ್ದರು: ತೆರೆ, ತೆರೆ. ತುಟಿ ನೇರಳೆಯಾಗಿತ್ತು. ನನ್ನ ಕೈ ಸಿಲಿಂಡರಿನ ತಿರುಪಿನ ಮೇಲೆ. ತೆರೆದರೆ ಸುಟ್ಟು ಹೋಗುತ್ತೇವೋ, ತೆರೆಯದಿದ್ದರೆ ಇವರು ಹೋಗುತ್ತಾರೋ. ಎಷ್ಟು ಹೊತ್ತು ಹಾಗೆ ನಿಂತೆನೋ. ಈಗಲೂ ಒಮ್ಮೊಮ್ಮೆ ಅಲ್ಲೇ ನಿಂತಿರುತ್ತೇನೆ, ಅನ್ನ ಬಡಿಸುವಾಗ, ರಸ್ತೆ ದಾಟುವಾಗ. ಕೊನೆಗೆ ತೆರೆದೆ. ಅಗ್ನಿಶಾಮಕದವರು ಕಿಟಕಿಗೆ ಏಣಿ ಹಚ್ಚುವವರೆಗೆ ಕಾಕಾ ಅದರಿಂದಲೇ ಉಸಿರಾಡಿದರು.

ಫ್ರೈಬುರ್ಗ್

ಫ್ರೈಬುರ್ಗಿನ ಬೀದಿಗಳ ಅಂಚಿನಲ್ಲಿ ಕಲ್ಲಿನ ಸಣ್ಣ ಕಾಲುವೆಗಳಿವೆ, ಗುಡ್ಡದ ತಿಳಿನೀರು ಹರಿಯುತ್ತದೆ. ಮೊದಲ ದಿನವೇ ನಾನು ಟ್ರಾಮು ನೋಡುತ್ತ ನಡೆದು ಒಂದರಲ್ಲಿ ಕಾಲಿಟ್ಟೆ, ಬೂಟು ತುಂಬ ನೀರು. ಒಬ್ಬ ಮುದುಕ ಟೋಪಿ ತೆಗೆದು ನಮಸ್ಕರಿಸಿ ಏನೋ ಅಂದ. ಸುಮಾ ನಕ್ಕು ನಕ್ಕು ಗೋಡೆ ಹಿಡಿದಳು. "ಇದರಾಗ ಕಾಲು ಬಿದ್ದವರು ಈ ಊರವರನ್ನ ಮದುವಿ ಆಗ್ತಾರಂತ. ಆತ ತಾ ಖಾಲಿ ಅದೀನಿ ಅನ್ನಾಕತ್ತಾನ. ಮಾಮಾಗ ಫೋನ್ ಹಚ್ಚಲೇನು?"

ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕೆ.

ಸುಮಾ ಬಾಡಿಗೆಗಿರುವ ಮನೆಯ ಒಡತಿ ಫ್ರಾವ್ ವೇಬರ್, ಅಂದರೆ ಶ್ರೀಮತಿ ವೇಬರ್, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಎಲ್ಲಕ್ಕೂ ನಿಯಮ. ಗಾಜಿನ ಬಾಟಲಿಯನ್ನು ಯಾವ ಡಬ್ಬಿಗೆ ಹಾಕಬೇಕು, ಕಿಟಕಿಯನ್ನು ಎಷ್ಟು ಹೊತ್ತು ತೆರೆಯಬೇಕು. ಭಾನುವಾರ ಸದ್ದು ಮಾಡಬಾರದು, ಬಟ್ಟೆ ಒಗೆಯುವ ಯಂತ್ರವನ್ನೂ ಹಚ್ಚಬಾರದು. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಮಿಕ್ಸರು, ಡ್ರಿಲ್ಲು, ಧ್ವನಿವರ್ಧಕ ಮೂರೂ ಒಟ್ಟಿಗೆ ಎದ್ದೇಳುತ್ತವೆ.

ಬಟ್ಟೆ ಒಣಗಿಸಲು ನೆಲಮಾಳಿಗೆಗೆ ಹೋಗೆಂದು ಸುಮಾ ಕಳಿಸಿದಳು. ಹಗ್ಗದ ಮೇಲೆ ಫ್ರಾವ್ ವೇಬರರ ಚಾದರಗಳು ತೊಟ್ಟಿಕ್ಕುತ್ತಿದ್ದವು. ಕೆಳಗೆ ಬಿಳಿ ಪೆಟ್ಟಿಗೆ. ಒಂದು ಸಣ್ಣ ಹಸಿರು ದೀಪ. ಪೆಟ್ಟಿಗೆಯ ಮೇಲೆ ಬ್ಯಾಟರಿಯ ಚಿತ್ರ ಕಂಡ ಕೂಡಲೇ ಬುಟ್ಟಿ ಬಿಸಾಡಿ ಮೇಲೆ ಓಡಿ, ಅಂಗಳದಲ್ಲಿ ಚಳಿಯಲ್ಲಿ ನಿಂತು, "ಎಲ್ಲರೂ ಹೊರಗೆ ಬನ್ನಿ!" ಎಂದು ಕನ್ನಡದಲ್ಲೇ ಕೂಗಿದೆ. ಪಕ್ಕದ ಮನೆಯ ಕಿಟಕಿಗಳು ತೆರೆದುಕೊಂಡವು.

ನೆಲಮಾಳಿಗೆ

ಸುಮಾ ಎಲ್ಲ ಕತೆ ಹೇಳಿದಳು. ಫ್ರಾವ್ ವೇಬರ್ ನಗಲಿಲ್ಲ. ಮರುದಿನ ನನ್ನ ಕೈ ಹಿಡಿದು ಕೆಳಗೆ ಕರೆದೊಯ್ದರು. ಮೂರನೆಯ ಮೆಟ್ಟಿಲಲ್ಲಿ ನಾನು ನಿಂತುಬಿಟ್ಟೆ. ಅಲ್ಲಿಂದಲೇ ನೋಡಿ ಎಂದರು.

ಛಾವಣಿಯ ಸೌರ ಫಲಕಗಳಿಂದ ತುಂಬುವ ಆ ಪೆಟ್ಟಿಗೆ ಪೂರ್ತಿ ಮುಚ್ಚಿದ್ದು. ನೀರು ಸಿಡಿದರೂ ಒಳಗೆ ಹೋಗದು. ಒಳಗೆ ಬಿಸಿ ಏರಿದರೆ ತಾನೇ ಸಂಪರ್ಕ ಕಡಿದುಕೊಳ್ಳುತ್ತದೆ. ಪರೀಕ್ಷೆ ಪಾಸಾಗದೆ ಅಂಗಡಿಗೆ ಬರುವಂತಿಲ್ಲ. ಅವರು ಮೇಲೆ ಹೋಗಿ ಹೊರಗಿನಿಂದ ಕರೆಂಟು ಬರುವ ಮುಖ್ಯ ಸ್ವಿಚ್ಚನ್ನೇ ಆರಿಸಿದರು. ನಾನು ಮೆಟ್ಟಿಲ ಕಂಬಿ ಹಿಡಿದೆ. ನೆಲಮಾಳಿಗೆಯ ದೀಪ ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಉರಿಯಿತು. ಅಷ್ಟೇ. ಹೊರಗೆ ಮೋಡ, ಸೂರ್ಯ ಆ ವಾರದಲ್ಲಿ ಬೀಗರ ಹಾಗೆ ಒಂದು ದಿನ ಮುಖ ತೋರಿಸಿ ಹೋಗಿದ್ದ. ಅಂಥ ದೇಶದಲ್ಲಿ, ಸಿಕ್ಕಷ್ಟು ಬಿಸಿಲನ್ನು ಚಾದರಗಳ ಕೆಳಗೆ ಕೂಡಿಟ್ಟಿದ್ದಾರೆ.

"ಇದಕ್ಕೆ ತೆರಿಗೆ ಎಷ್ಟು?" ಎಂದು ಕೇಳಿದೆ. ಕಸುಬು ಬಿಡುವುದಿಲ್ಲ.

ಫ್ರಾವ್ ವೇಬರರ ಮುಖ ಕೆಂಪಾಯಿತು. "ಆ ವಿಷಯ ಎತ್ತಬೇಡಿ! ನಾನು ಪೂರ್ತಿ ತೆರಿಗೆ ಕೊಟ್ಟೆ. ನಾನು ಕೊಂಡ ಮೇಲೆ ಫಲಕಕ್ಕೂ ಬ್ಯಾಟರಿಗೂ ಮಾರಾಟ ತೆರಿಗೆಯನ್ನೇ ತೆಗೆದುಬಿಟ್ಟರು. ಪಕ್ಕದವನನ್ನು ನೋಡಿ, ಎದುರಿನವಳನ್ನು ನೋಡಿ. ಎಲ್ಲರೂ ಆಮೇಲೆ ಕೊಂಡರು, ನನ್ನನ್ನು ನೋಡಿ ನಗುತ್ತಾರೆ!"

ಅವರ ಸಿಟ್ಟು ಅದು. ನನ್ನದು ಬೇರೆ. ಮೂರನೆಯ ಮೆಟ್ಟಿಲ ಮೇಲೆ ಕೂತು ನಾನು ಎಲ್ಲರನ್ನೂ ನೆನೆದು ಉರಿದೆ. ಬೆಂಕಿಯಾದ ಮೇಲೆ ಬಂದವರೆಲ್ಲ ನಮಗೆ ಹೇಳಿದ್ದು ಒಂದೇ ಮಾತು: ಬ್ಯಾಟರಿಗೆ ತೆಂಗಿನಕಾಯಿ ಒಡೆಯುತ್ತಾರೇನ್ರಿ, ಓದಿದವರು ನೀವು? ಹೌದು, ಒಡೆಯುತ್ತೇವೆ. ಲಾರಿಗೆ ಒಡೆಯುತ್ತೇವೆ, ಗಿರಣಿಗೆ ಒಡೆಯುತ್ತೇವೆ, ಬೋರ್‌ವೆಲ್ ಮೋಟರಿಗೆ ಒಡೆಯುತ್ತೇವೆ. ಈ ದೇಶದಲ್ಲಿ ಮಾರುವ ಯಂತ್ರ ಒಂದು ತೆಂಗಿನಕಾಯಿಯ ನೀರನ್ನು ತಡೆಯಬೇಕು. ತಡೆಯುವ ಪೆಟ್ಟಿಗೆ ಅಂಗಡಿಯಲ್ಲಿತ್ತು. ನಮಗೂ ಅದಕ್ಕೂ ನಡುವೆ ನಿಂತದ್ದು ಏನು? ಐಟಿಯವರಿರುವ ವಾಕಡದ ದೊಡ್ಡ ಸೊಸೈಟಿಗಳು ತೆರಿಗೆ ಕೊಟ್ಟು ಒಳ್ಳೆಯದನ್ನು ಕೊಂಡವು, ನಿಶ್ಚಿಂತೆಯಾಗಿವೆ. ಮೆಣಸಿನಕಾಯಿ ಮಾರುವವರು, ಪಿಂಚಣಿಯವರು, ಚಟ್ನಿ ಕುಟ್ಟುವವರು ಇರುವ ನಮ್ಮ ಕಟ್ಟಡ ಆ ಕೊನೆಯ ಸಾಲಿನ ಹತ್ತಿರ ಸೋತು, ಬಿಲ್ಲಿಲ್ಲದ ತಗಡಿಗೆ ಹೋಯಿತು. ಸರ್ಕಾರಕ್ಕೆ ನಮ್ಮಿಂದ ಒಂದು ಪೈಸೆಯೂ ಬರಲಿಲ್ಲ. ಬಂದದ್ದು ಅಗ್ನಿಶಾಮಕದ ಗಾಡಿ ಕಳಿಸುವ ಖರ್ಚು.

ಬಿಸಿಲಿಗೆ ಸಹಾಯಧನ ಕೊಟ್ಟು ಬಿಸಿಲನ್ನು ಹಿಡಿದಿಡುವುದಕ್ಕೆ ದಂಡ ಹಾಕುವುದು ಎಂಥ ಬುದ್ಧಿ? ಮನೆ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಲು ಗೊತ್ತಿರುವವರಿಗೆ, ಆ ಮನೆಯೊಳಗೆ ಒಬ್ಬ ಉಸಿರಾಡಲು ಬೇಕಾದ ಬ್ಯಾಟರಿಗೆ ಕೊಡಲು ಯಾಕೆ ಗೊತ್ತಿಲ್ಲ? ಕಂಡಕಂಡ ಪೆಟ್ಟಿಗೆಗೆ ಕೊಡಿ ಎನ್ನುತ್ತಿಲ್ಲ. ಪರೀಕ್ಷೆ ಪಾಸಾದದ್ದಕ್ಕೆ ಮಾತ್ರ ಕೊಡಿ, ಜಿಎಸ್‌ಟಿ ತೆಗೆಯಿರಿ. ಆಗ ಮೆಟ್ಟಿಲ ಕೆಳಗೆ ತಗಡು ಇಡುವವನ ಹತ್ತಿರ ಯಾರು ಹೋಗುತ್ತಾರೆ? ಇದನ್ನು ತಿಳಿಯಲು ಬಿ.ಕಾಂ. ಕೂಡ ಬೇಡ.

ಭಾನುವಾರ

ಆ ಭಾನುವಾರ ಪುಣೆಯಲ್ಲಿ ಸೊಸೈಟಿಯ ಸಭೆ. ಕಟ್ಟಡದಲ್ಲಿ ಇನ್ನು ಯಾವತ್ತೂ ದೊಡ್ಡ ಬ್ಯಾಟರಿ ಇಡಬಾರದೆಂಬ ಠರಾವು. ಅದು ಪಾಸಾದರೆ ಭೀಮಣ್ಣ ಕಾಕಾ ಆ ಮನೆಯಲ್ಲಿರುವುದು ಸಾಧ್ಯವಿಲ್ಲ. ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹುಡುಕುವ ಮಾತು ಆಗಲೇ ನಡೆದಿತ್ತು. ಅಲ್ಲಿ ಕಾಕು ಒರಳು ಎಲ್ಲಿಡಬೇಕು?

ಫ್ಲ್ಯಾಟು ನನ್ನ ಹೆಸರಲ್ಲಿದೆ, ಮತ ನನ್ನದು. ಸುಮಾ ಡ್ಯೂಟಿಗೆ ಹೋಗಿದ್ದಳು. ಅಲ್ಲಿ ಮಧ್ಯಾಹ್ನ, ಇಲ್ಲಿ ಬೆಳಿಗ್ಗೆ. ಯಜಮಾನರು ಪಾರ್ಕಿಂಗಿನಲ್ಲಿ ಕುರ್ಚಿಗಳ ಮುಂದೆ ಫೋನು ನಿಲ್ಲಿಸಿದರು. ನಾನು ನನ್ನ ಫೋನು ಹಿಡಿದು ನೆಲಮಾಳಿಗೆಗೆ ಇಳಿದೆ. ಮೂರನೆಯ ಮೆಟ್ಟಿಲು ದಾಟಿದೆ. ಪೆಟ್ಟಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಬೆಚ್ಚಗೂ ಇರಲಿಲ್ಲ ಅದು.

"ನೋಡ್ರಿ ಎಲ್ಲಾರೂ" ಎಂದೆ. "ಇದು ಬ್ಯಾಟರಿ. ಇದರ ಮ್ಯಾಲೆ ದಿನಾ ಹಸಿ ಅರಿವಿ ಸೋರ್ತಾವ. ನಾ ಇದಕ್ಕ ಬೆನ್ನ ಹಚ್ಚಿ ಕುಂತೀನಿ. ನಾನು! ಆವತ್ತ ಮ್ಯಾಲೆ ಸಿಕ್ಕೊಂಡಾಕಿ!"

ಸಭೆ ಗುಜುಗುಜು ಎಂದಿತು. ಜೋಶಿ ಸಾಹೇಬರು ಮರಾಠಿಯಲ್ಲಿ, ಮೆತ್ತಗೆ, ಹಠ ಮಾಡುವ ಮಗುವಿಗೆ ಹೇಳುವಂತೆ ಹೇಳಿದರು: "ವಹಿನಿ, ಶಾಂತ ವ್ಹಾ. ಅದು ಜರ್ಮನಿ. ಇಲ್ಲಿ ಅಂಥದ್ದನ್ನು ಕೊಳ್ಳುವ ಶಕ್ತಿ ನಮಗೆಲ್ಲಿದೆ? ಠರಾವಿಗೆ ಒಪ್ಪಿದವರು ಕೈ ಎತ್ತಿ."

ಕೈಗಳು ಎದ್ದವು. ಮುಂದಿನ ಸಾಲಿನಲ್ಲಿ, ಬಾಡಿಗೆ ಸಿಲಿಂಡರಿನ ಪಕ್ಕ, ಭೀಮಣ್ಣ ಕಾಕಾನ ಕೈ ಕೂಡ ಎದ್ದಿತು.

"ನನ್ನ ಸಲುವಾಗಿ ಮಂದಿ ಸುಡೂದು ಬ್ಯಾಡ್ರಿ" ಎಂದರು.

ನೀಲವ್ವ ಕಾಕು ಆ ಕೈ ಹಿಡಿದು ಕೆಳಗೆ ಎಳೆದರು. "ಸುಮ್ ಕುಂದರ್ರಿ! ಸಾಯೂ ಮುಂದ ದೊಡ್ಡಸ್ತನ ತೋರಸಾಕ ಹೊಂಟಾರ. ನಾ ಬದುಕಬೇಕಲ್ಲಾ ನಿಮ್ಮ ಜೋಡಿ?" ಎದ್ದು ನಿಂತು ಜೋಶಿ ಸಾಹೇಬರ ಕಡೆ ತಿರುಗಿದರು, ಭಾಷೆ ತಾನಾಗಿ ಮರಾಠಿಗೆ ಹೊರಳಿತು. ಕಾಯಿ ಒಡೆದವರು ನೀವು, ಮನೆ ಬಿಡಬೇಕಾದವರು ನಾವೇನು?

ಎದ್ದಿದ್ದ ಕೈಗಳಲ್ಲಿ ಕೆಲವು ಇಳಿದವು. ನನ್ನ ಮತವನ್ನೂ ಎಣಿಸಿದ ಮೇಲೆ ಠರಾವು ಬಿದ್ದುಹೋಯಿತು. ನಾನು ಖುಷಿಗೆ ಕಿರುಚಿದೆ. ಆಮೇಲೆ ಒಳ್ಳೆಯ ಬ್ಯಾಟರಿ ಕೊಳ್ಳುವ ಮಾತು ಬಂತು. ಯಾರೋ ಹೊಸ ದರದ ಕಾಗದ ಓದಿದರು. ಮತ್ತೆ ಅದೇ ಕೊನೆಯ ಸಾಲು. ಮತ್ತೆ ಕುರ್ಚಿಗಳು ಸರಿದವು. ಜೋಶಿ ಸಾಹೇಬರು ಗಂಟಲು ಸರಿಪಡಿಸಿಕೊಂಡು, ತೆರಿಗೆ ಇಳಿದರೆ ನೋಡೋಣ, ಅಲ್ಲಿಯ ತನಕ ವಿಷಯ ಬಾಕಿ ಇರಲಿ ಎಂದರು. ಎಲ್ಲರೂ ಹೂಂ ಎಂದರು. ಬ್ಯಾಟರಿ ಬೇಡವೆಂದೂ ಅಲ್ಲ, ಬೇಕೆಂದೂ ಅಲ್ಲ.

ಆಗ ಕಾಕಾ ನಳಿಕೆ ಸರಿಮಾಡಿಕೊಂಡು, ಉಸಿರು ಕೂಡಿಸಿಕೊಂಡು, ಬಿಟ್ಟು ಬಿಟ್ಟು ಹೇಳಿದರು: "ಆತಲ್ರಿ ಮತ್ತ. ದಿಲ್ಲಿಯವರು ತೆರಿಗಿ ಇಳಸಿದ ದಿನ ಎಲ್ಲಾರೂ ಬರ್ರಿ. ಆವತ್ತ ನನ್ನ ತಿಥಿ ಇರ್ತದ. ಬ್ಯಾಟರಿ ಪೂಜಿನೂ ಅದರಾಗ ಮುಗಿಸಿಬಿಡ್ರಿ, ಭಟ್ಟಗ ಒಂದ ದಕ್ಷಿಣಿ."

ಪಾರ್ಕಿಂಗು ತುಂಬ ನಗು. ಮರಾಠಿಯವರಿಗೆ ಪಕ್ಕದವರು ಅನುವಾದಿಸಿದರು, ಅವರೂ ನಕ್ಕರು. ಜೋಶಿ ಸಾಹೇಬರು ಕಣ್ಣು ಒರೆಸಿಕೊಂಡು ನಕ್ಕರು. ಚಹಾ ಬಂತು.

ನಾನು ನೆಲಮಾಳಿಗೆಯಲ್ಲಿ ಕೂತು ಕೂಗಾಡಿದೆ. ನಗ್ತೀರಲ್ಲಾ, ನಾಚಿಕಿ ಆಗಬೇಕು. ಯಾರಿಗೂ ಕೇಳಿಸಲಿಲ್ಲ; ಯಜಮಾನರು ಫೋನು ಎತ್ತಿಕೊಂಡು ಕರೆ ಕಡಿದುಬಿಟ್ಟಿದ್ದರು.

ಮೆಟ್ಟಿಲ ಮೇಲೆ ಫ್ರಾವ್ ವೇಬರ್ ನಿಂತಿದ್ದರು, ಭಾನುವಾರದ ನಿಯಮ ಹೇಳಲು ಬಂದವರು. ನನ್ನ ಮುಖ ನೋಡಿ ಬೇರೆಯದನ್ನೇ ಕೇಳಿದರು.

"ಅಷ್ಟು ಜನ ಯಾಕೆ ನಕ್ಕರು? ಆ ಹಿರಿಯರು ಏನು ಹೇಳಿದರು?"

ನನ್ನ ಇಂಗ್ಲಿಷಿನಲ್ಲಿ ತಿಥಿಯೂ ಇರಲಿಲ್ಲ, ದಕ್ಷಿಣೆಯೂ ಇರಲಿಲ್ಲ. ಉಳಿದಷ್ಟನ್ನು ಹೇಳಿದೆ. "ತೆರಿಗೆ ಇಳಿಯುವುದಕ್ಕಿಂತ ಮೊದಲು ತಾನು ಸಾಯುತ್ತೇನೆ ಅಂದರು."

ಫ್ರಾವ್ ವೇಬರ್ ಇಳಿದು ಬಂದು, ಆ ಸಿಮೆಂಟು ನೆಲದ ಮೇಲೆ ನನ್ನ ಪಕ್ಕ ಕೂತರು.